ಪೊಲಿಕ್ಸೆನಿ ಕತ್ತರಿಸಿದ ಹತ್ತಿ

ಪೊಲಿಕ್ಸೆನಿಯ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದು ತೆಳು ಗೋಡೆ. ನನ್ನದು ಬಟ್ಟೆ ಸರಿಮಾಡುವ ಅಂಗಡಿ. ಪ್ಯಾಂಟಿನ ಕಾಲು ಮಡಚುವುದು, ಜಿಪ್ ಬದಲಿಸುವುದು, ಮದುವೆಯಾದ ಮೇಲೆ ದಪ್ಪಗಾದವರ ಕೋಟು ಬಿಚ್ಚಿ ಅಗಲ ಮಾಡಿಕೊಡುವುದು. ಅವಳದು, ಸಿಗರೇಟಿನ ಬದಲು ಬ್ಯಾಟರಿಯಲ್ಲಿ ಕಾಯಿಸಿದ ಆವಿ ಎಳೆಯುತ್ತಾರಲ್ಲ, ಅಂಥ ಹಳೆಯ ವೇಪ್‌ಗಳ ರಿಪೇರಿ. ನನ್ನ ಹೊಲಿಗೆ ಯಂತ್ರದ ಸದ್ದು ಇದ್ದಕ್ಕಿದ್ದಂತೆ ನಿಂತರೆ ಆ ಕಡೆಯಿಂದ, "ಏನೇ ರೊದಾಂಥಿ, ಸೂಜಿ ಮುರೀತಾ?" ಎನ್ನುತ್ತಾಳೆ. ಅವಳು ಗಿರಾಕಿಗೆ ಬೈದರೆ ಒಂದು ಅಕ್ಷರ ಬಿಡದೆ ನನಗೆ ಕೇಳುತ್ತದೆ. ಹನ್ನೊಂದು ವರ್ಷ ಹೀಗೇ ಕಳೆದಿದೆ. ಈಗ ಹೇಳಹೊರಟಿರುವುದರಲ್ಲಿ ಅರ್ಧ ನಾನೇ ಕಂಡದ್ದು ಕೇಳಿದ್ದು, ಉಳಿದದ್ದು ಅವಳು ನನ್ನ ಕತ್ತರಿ ಮೇಜಿನ ಮುಂದೆ ಕೂತು ಹೇಳಿದ್ದು.

ಅವಳು ಮೊದಲು ಹಲ್ಲಿನ ಕೆಲಸದವಳು. ನಮ್ಮೂರು ವೋಲೊಸಿನ ಬಂದರಿನ ಹತ್ತಿರ ಒಬ್ಬ ದಂತವೈದ್ಯರ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ವರ್ಷ ಮಕ್ಕಳ ಸೊಟ್ಟ ಹಲ್ಲಿಗೆ ಹಾಕುವ ತಂತಿ ಬಗ್ಗಿಸಿದಳು. ವೈದ್ಯರು ವಯಸ್ಸಾಗಿ ಬಾಗಿಲು ಹಾಕಿದಾಗ ಇವಳಿಗೆ ನಲವತ್ತೇಳು. ಮದುವೆಯಾಗಿರಲಿಲ್ಲ. ಮೂರು ತಿಂಗಳು ಮನೆಯಲ್ಲಿ ಕೂತು ಕಿಟಕಿಯಿಂದ ಬೀದಿ ನೋಡಿದಳು. ಆಗ ಅವಳ ಅಣ್ಣ, ಸಿಗರೇಟು ಬಿಡಲೆಂದು ಕೊಂಡಿದ್ದ ವೇಪ್ ಸೋರುತ್ತದೆ ಎಂದು ಕಸದ ಬುಟ್ಟಿಗೆ ಎಸೆದ. ಇವಳು ಅದನ್ನು ಎತ್ತಿಕೊಂಡು ಬಿಚ್ಚಿದಳು. ಒಳಗೆ ಕೂದಲಿನಷ್ಟು ಸಣ್ಣ ತಂತಿಯ ಒಂದು ಸುರುಳಿ, ಸುರುಳಿಯೊಳಗೆ ಹತ್ತಿ, ಹತ್ತಿ ಹೀರಿಕೊಳ್ಳಲು ರಸ, ಸುರುಳಿ ಕಾಯಿಸಲು ಕೆಳಗೆ ಬ್ಯಾಟರಿ. "ಇಷ್ಟೇನಾ?" ಅಂದುಕೊಂಡಳಂತೆ. ಹಳೆಯ ಸುರುಳಿ ಕಿತ್ತು, ಹಲ್ಲಿನ ಕೆಲಸದ ಇಕ್ಕಳದಲ್ಲಿ ಹೊಸದು ಸುತ್ತಿ, ಹತ್ತಿ ತುಂಬಿ ಕೊಟ್ಟಳು. ಅಣ್ಣ ಎಳೆದು ನೋಡಿ, "ಅಂಗಡಿಯಿಂದ ತಂದ ದಿನಾನೂ ಇದು ಇಷ್ಟು ಚೆನ್ನಾಗಿರ್ಲಿಲ್ಲ" ಎಂದ. ಆಮೇಲೆ ಅಣ್ಣನ ಸ್ನೇಹಿತರು ಬಂದರು, ಅವರ ಹಿಂದೆ ಟ್ಯಾಕ್ಸಿಯವರು, ಆಸ್ಪತ್ರೆಯ ನರ್ಸುಗಳು, ದೋಣಿಯವರು. ಒಂದು ವರ್ಷದಲ್ಲಿ ಅವಳು ನಮ್ಮ ನೆಯಾ ಇಯೋನಿಯಾ ಬಡಾವಣೆಯಲ್ಲಿ ನನ್ನ ಪಕ್ಕದ ಮಳಿಗೆ ಹಿಡಿದಳು.

ಹೊಸದನ್ನು ಅವಳು ಮಾರುತ್ತಿರಲಿಲ್ಲ. ಒಂದು ವಾರ ಎಳೆದು ಬಿಸಾಡುವ ಬಣ್ಣದ ಕೊಳವೆಗಳನ್ನು ಯಾರಾದರೂ ತಂದರೆ ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು. "ಇದನ್ನ ಮಾಡಿದವನೇ ಇದು ಸಾಯ್ಲಿ ಅಂತ ಮಾಡಿದಾನೆ. ನಾನ್ಯಾಕೆ ಬದುಕಿಸ್ಲಿ?" ಎಂಟು ಹತ್ತು ವರ್ಷ ಹಳೆಯ, ಬಿದ್ದು ತಗ್ಗಾದ, ಗುಂಡಿ ಸವೆದ ಪೆಟ್ಟಿಗೆಗಳೆಂದರೆ ಮಾತ್ರ ಅವಳಿಗೆ ಜೀವ. ಬೀದಿಯವರೆಲ್ಲ ಅವುಗಳನ್ನು ಪೆಟ್ಟಿಗೆ ಎಂದೇ ಕರೆಯುವುದು. ಥ್ರೆಡ್ ಸವೆದ ತಿರುಪು ಬದಲಿಸುತ್ತಿದ್ದಳು, ಸೋರುವ ಟ್ಯಾಂಕಿಗೆ ರಬ್ಬರ್ ಬಳೆ ಹಾಕುತ್ತಿದ್ದಳು, ತಗಡಿನ ಮೈ ಹೋಗಿದ್ದರೆ ಅಕ್ರೋಟು ಮರದಲ್ಲಿ ಹೊಸ ಮೈ ಕೊರೆದು ಕೊಡುತ್ತಿದ್ದಳು. ಸುರುಳಿಯಂತೂ ಅವಳ ಕೈಯದೇ ಆಗಬೇಕು. ಎರಡು ದಪ್ಪ ತಂತಿಯ ಮೇಲೆ ಒಂದು ಸಣ್ಣ ತಂತಿ ಹೆಣೆದು, ಜಡೆಯಂತೆ ಸುತ್ತುವ ಅವಳ ಸುರುಳಿ ನೋಡಲು ಪಕ್ಕದ ಪಟ್ಟಣ ಲಾರಿಸಾದಿಂದಲೂ ಜನ ಬಂದಿದ್ದಾರೆ. ಅದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಅವಳ ಗಿರಾಕಿಗಳಲ್ಲಿ ಒಬ್ಬರು ಅನೆಸ್ತಿಸ್ ಮೇಷ್ಟ್ರು. ಪುರಸಭೆಯ ವಾದ್ಯತಂಡದಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಕಲಿಸಿದವರು. ಹೆಂಡತಿ ತೀರಿಕೊಂಡ ಮೇಲೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದಿ, ಶ್ವಾಸಕೋಶ ಹಾಳಾಗಿ, ಡಾಕ್ಟರು ಎಕ್ಸ್‌ರೇ ತೋರಿಸಿ ಹೆದರಿಸಿದಾಗ ಪೊಲಿಕ್ಸೆನಿಯ ಅಂಗಡಿಗೆ ಬಂದರು. ಅವರಿಗಾಗಿ ಅವಳು ಮಾಡಿದ ಪೆಟ್ಟಿಗೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಯಾವುದೋ ಹಳೆಯ ಪೆಟ್ಟಿಗೆಯ ಒಳಭಾಗಕ್ಕೆ ಅಕ್ರೋಟಿನ ಮೈ. ಬಾಯಿಗಿಡುವ ತುದಿಯನ್ನು ಮಾತ್ರ ಮೇಷ್ಟ್ರ ಒಡೆದ ಕ್ಲಾರಿನೆಟ್ಟಿನ ಕರಿಮರದ ತುಂಡಿನಿಂದ ಕಡೆದಿದ್ದಳು. ಅವತ್ತು ಮೇಷ್ಟ್ರು ಅದನ್ನು ತುಟಿಗಿಟ್ಟುಕೊಂಡು, ಕ್ಲಾರಿನೆಟ್ಟಿನ ತೂತು ಹುಡುಕುವ ಹಾಗೆ ಅದರ ಮೈಮೇಲೆ ಬೆರಳಾಡಿಸಿದರಂತೆ.

ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಹನ್ನೊಂದಕ್ಕೆ ಬರುತ್ತಿದ್ದರು. ಸುರುಳಿ ಬದಲಿಸಲು ಹತ್ತು ನಿಮಿಷ ಸಾಕು. ಮೇಷ್ಟ್ರು ಒಂದೂವರೆ ಗಂಟೆ ಕೂರುತ್ತಿದ್ದರು. ಅವಳು ಹಿಂದಿನ ಒಲೆಯಲ್ಲಿ ಕಾಫಿ ಕುದಿಸುತ್ತಿದ್ದಳು, ಅವರಿಗೆ ಸಿಹಿ ಕಡಿಮೆ. ಆ ಮಂಗಳವಾರಗಳಲ್ಲಿ ಪೊಲಿಕ್ಸೆನಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಒಮ್ಮೆ ನಾನು, "ಇವತ್ತು ಮಂಗಳವಾರ ಅಂತ ಕ್ಯಾಲೆಂಡರ್ ನೋಡ್ಬೇಕಾಗಿಲ್ಲ ಬಿಡು" ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಹೀಗೆ ಮೂರು ವರ್ಷ ಕಳೆದ ಮೇಲೆ ಚಳಿಗಾಲದ ಒಂದು ಮಂಗಳವಾರ ಮೇಷ್ಟ್ರು ಕೇಳಿದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು.

"ಪೊಲಿಕ್ಸೆನಿ, ಬ್ಯಾಟರಿ ತೆಗೆದು ಹಾಕೋದು ಕಷ್ಟ ಆಗ್ತಿದೆ. ಬೆರಳು ಮಾತು ಕೇಳಲ್ಲ. ಗೋಡೆಗೆ ಸಿಗಿಸಿ ಚಾರ್ಜ್ ಮಾಡೋ ಹಾಗೆ ಏನಾದ್ರೂ ಹಾಕ್ಕೊಡೋಕೆ ಆಗುತ್ತಾ?"

"ಬೋರ್ಡು, ಚಿಪ್, ಆಟದ ಸಾಮಾನು ಎಲ್ಲ ಇಲ್ಲಿ ಇಲ್ಲ ಮೇಷ್ಟ್ರೇ. ಮೂರು ವರ್ಷ ಇದರಲ್ಲೇ ಎಳೀಲಿಲ್ವಾ?"

"ಎಳೆದೆ. ಬೆರಳು ಆಗ ಚೆನ್ನಾಗಿದ್ವು."

"ನನ್ನ ಹತ್ರ ತನ್ನಿ, ನಾನು ತೆಗೆದು ಹಾಕ್ಕೊಡ್ತೀನಿ."

"ದಿನಾ ಬರ್ಲಾ?" ಎಂದರು ಮೇಷ್ಟ್ರು. ಆ ಕಡೆ ಕಾಫಿ ಲೋಟ ತೊಳೆಯುವ ಸದ್ದು ಕೇಳಿತು. ಬನ್ನಿ ಅನ್ನುವುದು ಅವಳ ನಾಲಿಗೆ ತುದಿಗೆ ಬಂದಿತ್ತಂತೆ.

ಫೆಬ್ರವರಿಯಲ್ಲಿ ಬೀದಿಯ ಮೂಲೆಯಲ್ಲಿ, ಮೊದಲು ಚಪ್ಪಲಿ ಅಂಗಡಿ ಇದ್ದ ಕಡೆ, ಸ್ತಮಾತಿಯಾ ಬಂದಳು. ಲಾರಿಸಾದವಳು, ನಲವತ್ತೇಳರ ಪ್ರಾಯ, ಗಂಡನನ್ನು ಬಿಟ್ಟವಳು. ಇಪ್ಪತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕಿದ್ದಳು. ಅವಳದೂ ವೇಪ್ ರಿಪೇರಿ. ಮೇಜಿನ ಮೇಲೆ ಸೂಕ್ಷ್ಮದರ್ಶಕ, ಅದಕ್ಕೊಂದು ಪರದೆ. ಗಿರಾಕಿ ಕುರ್ಚಿಯಲ್ಲಿ ಕೂತು ತನ್ನ ಪೆಟ್ಟಿಗೆಯ ಹೊಟ್ಟೆಯೊಳಗಿರುವುದನ್ನು ದೊಡ್ಡದಾಗಿ ನೋಡಬಹುದಿತ್ತು. ಹಳೆಯ ಪೆಟ್ಟಿಗೆಗೆ ಹೊಸ ಬೋರ್ಡು ಹಾಕುತ್ತಿದ್ದಳು, ಶಾಖ ಹೆಚ್ಚಾದರೆ ತಾನೇ ಆರುವ ಹಾಗೆ ಮಾಡುತ್ತಿದ್ದಳು. ಮತ್ತೆ ನಗುತ್ತಿದ್ದಳು. ಆ ನಗು ನಾಲ್ಕು ಅಂಗಡಿ ದಾಟಿ ನಮ್ಮಲ್ಲಿಗೆ ಬರುತ್ತಿತ್ತು.

"ಕಾರ್ಖಾನೆಯಲ್ಲಿ ಯಂತ್ರದ ಸದ್ದಿಗೆ ಹೀಗೆ ನಕ್ಕು ಅಭ್ಯಾಸ ಆಗಿರ್ಬೇಕು" ಎಂದಳು ಪೊಲಿಕ್ಸೆನಿ.

"ಒಳ್ಳೆಯವಳ ಹಾಗೆ ಕಾಣ್ತಾಳೆ" ಎಂದೆ.

"ಕಾಣ್ತಾಳೆ. ಪರದೆ ಮೇಲೆ ಎಲ್ಲಾನೂ ಕಾಣುತ್ತೆ."

ಅವಳು ಬಾಗಿಲ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೆಲಸ ಮಾಡತೊಡಗಿದಳು. ಬೆಳಕು ಚೆನ್ನಾಗಿದೆ ಎನ್ನುತ್ತಿದ್ದಳು. ಯಾರು ತನ್ನ ಬಾಗಿಲು ದಾಟಿ ಮೂಲೆಗೆ ಹೋಗುತ್ತಾರೆ ಎಂದು ನೋಡುವುದಕ್ಕೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಟ್ಯಾಕ್ಸಿಯ ಒಬ್ಬ ದಾಟಿದ. ಇಬ್ಬರು ನರ್ಸುಗಳು ಮಾತಾಡುತ್ತ ದಾಟಿದರು. ಪ್ರತಿಯೊಬ್ಬರ ಬಗ್ಗೆಯೂ ಅವಳ ಬಳಿ ಒಂದು ಮಾತಿತ್ತು. ಇವನು ಯಾವಾಗಲೂ ಜಿಪುಣ. ಆ ಹುಡುಗಿಗೆ ಹೊಳೆಯೋದು ಕಂಡರೆ ಆಯಿತು. ಆದರೆ ಅವೆಲ್ಲ ಮೇಲುಮೇಲಿನ ಉರಿ.

ಮಾರ್ಚ್ ಮೊದಲ ಮಂಗಳವಾರ ಹನ್ನೊಂದಾಯಿತು, ಹನ್ನೆರಡಾಯಿತು. ಮೇಷ್ಟ್ರು ಬರಲಿಲ್ಲ. ಕುದಿಸಿಟ್ಟ ಕಾಫಿಯನ್ನು ಅವಳೇ ಕುಡಿದಳು. ಹದಿನೈದು ದಿನ ಬಿಟ್ಟು ಮತ್ತೊಂದು ಮಂಗಳವಾರವೂ ಹಾಗೇ ಆಯಿತು. ಅವತ್ತು ಒಂದು ಗಂಟೆಯ ಸುಮಾರಿಗೆ ಅವಳು ನನ್ನ ಬಾಗಿಲಲ್ಲಿ ಬಂದು ನಿಂತಳು. ತುಟಿಯ ಬಣ್ಣ ಒರೆಸಿಕೊಂಡಿದ್ದಳು. ಒಂದು ಕಡೆ ಕೆನ್ನೆಗೆ ಹರಡಿತ್ತು.

"ಆ ಮೂಲೆಯಿಂದ ಹೊರಗೆ ಬಂದ್ರು. ಅವಳು ಬಾಗಿಲವರೆಗೆ ಬಂದು ಕೋಟಿನ ಕಾಲರ್ ಸರಿಮಾಡಿದ್ಲು."

"ಯಾರಿಗೆ?"

"ಯಾರಿಗೆ ಅಂತೆ. ಮೇಷ್ಟ್ರಿಗಲ್ದೆ ನಿನ್ನ ಗಂಡನಿಗಾ?"

ಆ ವಾರವೆಲ್ಲ ಅವಳ ಅಂಗಡಿಯಿಂದ ಬೈಗುಳ ಬಿಟ್ಟು ಬೇರೆ ಕೇಳಲಿಲ್ಲ. ಒಬ್ಬ ದೋಣಿಯವನಿಗೆ, "ಈ ಪೆಟ್ಟಿಗೆಯಲ್ಲಿ ಮೀನು ಕಾಯಿಸ್ತೀಯಾ?" ಎಂದು ಕೇಳಿ ಹಿಂದಕ್ಕೆ ಕಳಿಸಿದಳು. ರಾತ್ರಿ ಮಲಗಿದರೆ ಕಾಣುವುದು ಒಂದೇ ಎಂದು ಆಮೇಲೆ ಹೇಳಿದಳು. ಆ ಹೆಂಗಸಿನ ಕೈ, ಆ ಕಾಲರ್. ಮೂರು ವರ್ಷದಲ್ಲಿ ತಾನು ಒಂದು ಸಲವೂ ಆ ಕಾಲರ್ ಮುಟ್ಟಿರಲಿಲ್ಲ. ಬಂದು ಒಂದು ತಿಂಗಳಾಗದವಳು ಬಾಗಿಲಲ್ಲಿ, ಬೀದಿಯವರೆಲ್ಲರ ಎದುರು, ನೂಲು ಕೀಳುವ ಹಾಗೆ ಸಲೀಸಾಗಿ ಮುಟ್ಟಿದ್ದಳು.

ಮಾರ್ಚ್ ಇಪ್ಪತ್ತೈದಕ್ಕೆ ಸ್ವಾತಂತ್ರ್ಯ ದಿನದ ಮೆರವಣಿಗೆ. ಅಂಗಡಿಗಳೆಲ್ಲ ಮುಚ್ಚಿದ್ದವು. ಮಧ್ಯಾಹ್ನ ನಾನು, ನನ್ನ ಗಂಡ, ಪೊಲಿಕ್ಸೆನಿ ಮೂವರೂ ನಾವು ಯಾವಾಗಲೂ ಹೋಗುವ ಚಿಪುರೊ ಅಂಗಡಿಗೆ ಹೋದೆವು. ಕರಿದ ಮೀನು, ಬೆಳ್ಳುಳ್ಳಿ ಚಟ್ನಿ, ಪುಟ್ಟ ಬಾಟಲಿಗಳಲ್ಲಿ ದ್ರಾಕ್ಷಿಯ ಸಾರಾಯಿ ಚಿಪುರೊ. ಮೇಷ್ಟ್ರು ಒಬ್ಬರೇ ಬಂದರು. ನನ್ನ ಗಂಡ ಕರೆದ. ಅವರು ಪೊಲಿಕ್ಸೆನಿಯನ್ನು ನೋಡಿ ಒಂದು ಕ್ಷಣ ತಡೆದು, ಬಂದು ಕೂತರು. ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

ಅಕ್ರೋಟಿನ ಮೈ ಹಾಗೇ ಇತ್ತು. ಪಕ್ಕದಲ್ಲಿ ಬೆರಳುಗುರಿನಷ್ಟು ಪರದೆ, ಕೆಳಗೆ ಚಾರ್ಜ್ ಮಾಡುವ ಕಂಡಿ. ಕರಿಮರದ ತುದಿ ಇರಲಿಲ್ಲ. ಅದರ ಜಾಗದಲ್ಲಿ ನೀಲಿ ಗಾಜಿನಂಥದ್ದು.

"ಚೆನ್ನಾಗಿದೆ" ಎಂದಳು ಪೊಲಿಕ್ಸೆನಿ.

"ಬ್ಯಾಟರಿ ಕಷ್ಟ ತಪ್ಪಿತು ನೋಡು" ಎಂದರು ಮೇಷ್ಟ್ರು. ಕಣ್ಣು ತಟ್ಟೆಯ ಮೇಲಿತ್ತು. "ತುದಿ ಮನೆಯಲ್ಲಿದೆ. ಸ್ವಲ್ಪ ಬಿರುಕು ಬಿಟ್ಟಿತ್ತು. ತೆಗೆದಿಟ್ಟಿದೀನಿ."

"ನನಗೆ ತಂದುಕೊಟ್ಟಿದ್ರೆ ಸರಿಮಾಡ್ತಿದ್ದೆ."

"ನೀನು ಬಯ್ತೀಯ ಅಂತ."

"ನಾನ್ಯಾಕೆ ಬೈಲಿ? ನಿಮ್ಮ ಪೆಟ್ಟಿಗೆ, ನಿಮ್ಮ ಬಾಯಿ."

ನನ್ನ ಗಂಡ ಮಾತು ಬದಲಿಸಲು ಮೀನಿನ ಬಗ್ಗೆ ಏನೋ ಹೇಳಿದ. ಅಷ್ಟರಲ್ಲಿ ಬೀದಿಯಲ್ಲಿ ವಾದ್ಯತಂಡ ಮೆರವಣಿಗೆ ಮುಗಿಸಿ ಬಂತು. ಮೇಷ್ಟ್ರ ಹಳೆಯ ಶಿಷ್ಯರು ಹೊರಗಿನಿಂದ ಕೂಗಿದರು. ಅವರು ಎದ್ದು ಹೋದರು. ಶಿಷ್ಯರು ಅವರನ್ನು ಹೆಗಲಿಗೆ ಕೈಹಾಕಿ ಎಳೆದುಕೊಂಡು ಹೋದರು. ಪೆಟ್ಟಿಗೆ ಮೇಜಿನ ಮೇಲೇ ಉಳಿಯಿತು. ಪೊಲಿಕ್ಸೆನಿ ಅದನ್ನು ಎತ್ತಿ ಚೀಲದಲ್ಲಿ ಹಾಕಿಕೊಂಡಳು.

"ನಾನು ಕೊಡ್ತೀನಿ. ದಾರಿಯಲ್ಲೇ ಅವರ ಮನೆ."

ದಾರಿಯಲ್ಲಿ ಮೇಷ್ಟ್ರ ಮನೆ ಇರಲಿಲ್ಲ. ಅವಳು ನೇರ ಅಂಗಡಿಗೆ ಹೋಗಿ, ಶಟರ್ ಅರ್ಧ ಎತ್ತಿ, ಒಳಗೆ ನುಗ್ಗಿ ಕೆಳಗೆಳೆದುಕೊಂಡಳು. ಅವಳಿಗೆ ಬೇಕಾಗಿದ್ದು ತಪ್ಪು ಹುಡುಕುವುದು. ಒಂದು ಒರಟು ಬೆಸುಗೆ, ಒಂದು ಸೊಟ್ಟ ತಿರುಪು ಸಿಕ್ಕರೆ ಸಾಕಿತ್ತು. ದೀಪ ಹಾಕಿ, ಭೂತಗನ್ನಡಿ ಇಟ್ಟು, ನಾಲ್ಕು ತಿರುಪು ಬಿಚ್ಚಿದಳು.

ಒಳಗೆ ಎಲ್ಲ ಅಚ್ಚುಕಟ್ಟು. ತಂತಿಗಳು ಬಾಚಿದ ಕೂದಲಿನ ಹಾಗೆ ಒಂದೇ ಕಡೆ ಮಲಗಿದ್ದವು. ಬೆಸುಗೆಗಳು ಸಣ್ಣ, ದುಂಡು, ಹೊಳಪು. ಹನ್ನೊಂದು ವರ್ಷದಲ್ಲಿ ತನ್ನ ಕೈಯಿಂದ ಅಂಥ ಒಂದು ಬೆಸುಗೆ ಬಿದ್ದಿಲ್ಲ ಎಂದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ನನಗೆ ಹೇಳಿದ್ದು ಇಷ್ಟು: "ಅವಳು ಕೆಟ್ಟದಾಗಿ ಮಾಡಿದ್ರೆ ನಾನು ಕ್ಷಮಿಸಿಬಿಡ್ತಿದ್ದೆ."

ಆಮೇಲೆ ಅವಳು ಬ್ಯಾಟರಿ ಕೂರುವ ಜಾಗದ ಹಿಂದೆ ನೋಡಿದಳು. ಮರದ ಒಳಗೋಡೆಯಲ್ಲಿ ಹೆಬ್ಬೆರಳಗಲ ಹೆರೆದು ಹಾಕಿದ ಗುರುತು. ಮೇಲೆ ಶಾಖ ತಡೆಯುವ ತೆಳು ಹಾಳೆ ಅಂಟಿಸಿತ್ತು. ಚಿಮಟದಿಂದ ಹಾಳೆಯ ಒಂದು ಮೂಲೆ ಎತ್ತಿದಳು. ಕೆಳಗೆ ಮರ ಕರಕಲಾಗಿತ್ತು. ತನ್ನ ಹಳೆಯ ತಂತಿ ಹಾದುಹೋಗುತ್ತಿದ್ದ ಜಾಗ ಅದು. ತಂತಿಯ ಮೇಲಿನ ಹೊದಿಕೆ ಲೋಹದ ಅಂಚಿಗೆ ಉಜ್ಜಿ ಉಜ್ಜಿ ಹರಿದು, ತಾಮ್ರ ಬರಿದಾಗಿ, ಕಿಡಿ ಹೊಡೆದು ಮರವನ್ನು ಸುಟ್ಟಿತ್ತು. ಮೇಷ್ಟ್ರು ಆ ಪೆಟ್ಟಿಗೆಯನ್ನು ಇಟ್ಟುಕೊಳ್ಳುತ್ತಿದ್ದುದು ಎದೆಯ ಜೇಬಿನಲ್ಲಿ.

ಬೇರೆಯವರಾಗಿದ್ದರೆ ಅಲ್ಲಿಗೆ ತಣ್ಣಗಾಗುತ್ತಿದ್ದರೋ ಏನೋ. ಅವಳಿಗೆ ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಸ್ತಮಾತಿಯಾ ಇದನ್ನು ಕಂಡಿದ್ದಾಳೆ. ಪರದೆಯ ಮೇಲೆ ದೊಡ್ಡದು ಮಾಡಿ ಮೇಷ್ಟ್ರಿಗೆ ತೋರಿಸಿದ್ದಾಳೆ. ನೋಡಿ, ನಿಮ್ಮ ಪೊಲಿಕ್ಸೆನಿ ನಿಮ್ಮ ಎದೆಗೆ ಏನು ಕಟ್ಟಿದ್ದಳು ಎಂದಿದ್ದಾಳೆ. ಅದಕ್ಕೇ ಅವರು ತಟ್ಟೆ ನೋಡುತ್ತ ಮಾತಾಡಿದ್ದು. ಇಬ್ಬರೂ ನಕ್ಕಿರಬೇಕು.

ಹಾಳೆಯನ್ನು ಮೊದಲಿನಂತೆ ಒತ್ತಿ, ತಿರುಪು ಬಿಗಿದಳು. ಆಮೇಲೆ ಮೇಲಿನ ಟ್ಯಾಂಕ್ ತೆಗೆದಳು. ಸುರುಳಿಯ ಎರಡು ಕಡೆಯಿಂದ ಹತ್ತಿಯ ಬಾಲಗಳು ಇಳಿದು ರಸದಲ್ಲಿ ಮುಳುಗಿರಬೇಕು. ಅವು ಗಿಡ್ಡವಾದರೆ ರಸ ಏರುವುದಿಲ್ಲ. ನಾಲ್ಕು ಸಲ ಎಳೆಯುವವರೆಗೆ ಸರಿ ಇರುತ್ತದೆ, ಐದನೆಯ ಸಲ ಒಣ ಹತ್ತಿ ಸುಟ್ಟು ಗಂಟಲಿಗೆ ಬರುತ್ತದೆ. ಅವಳು ಹಲ್ಲಿನ ಕೆಲಸದ ಬಾಗಿದ ಕತ್ತರಿ ತೆಗೆದುಕೊಂಡು ಎರಡೂ ಬಾಲ ಕತ್ತರಿಸಿದಳು. ಅಕ್ಕಿ ಕಾಳಿನಷ್ಟು ಉದ್ದ, ಅಷ್ಟೆ.

ಐದು ಗಂಟೆಗೆ ಪೆಟ್ಟಿಗೆಯನ್ನು ಮೇಷ್ಟ್ರ ಮನೆಗೆ ಕೊಟ್ಟು ಬಂದಳು. ಅವರು ಎರಡೆರಡು ಸಲ ಥ್ಯಾಂಕ್ಸ್ ಹೇಳಿದರು.

ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರು ಬ್ಯಾಂಕಿನ ಮುಂದೆ ಕೆಮ್ಮಿ ಕೆಮ್ಮಿ ಮೆಟ್ಟಿಲ ಮೇಲೆ ಕೂತರಂತೆ. ನೀರು ಕೊಟ್ಟವರು ಆಂಬುಲೆನ್ಸ್ ಕರೆಯಲಾ ಎಂದು ಕೇಳಿದರಂತೆ. ಸ್ತಮಾತಿಯಾಳ ಅಂಗಡಿಗೆ ಹೋದರೆ ಬಾಗಿಲಲ್ಲಿ ಚೀಟಿ: ತಾಯಿಗೆ ಹುಷಾರಿಲ್ಲ, ಸೋಮವಾರ ಬರುತ್ತೇನೆ. ಈ ಸುದ್ದಿ ನಮಗೆ ತಲುಪಿದ್ದು ಶನಿವಾರ. ತಂದವನು ಟ್ಯಾಕ್ಸಿಯವನು, ಮೂಲೆಗೆ ದಾಟಿಹೋದವರಲ್ಲಿ ಮೊದಲಿಗ. "ನನ್ನ ಪೆಟ್ಟಿಗೆ ವಾಪಸ್ ನೀವೇ ನೋಡಿ ಕಿರಾ ಪೊಲಿಕ್ಸೆನಿ" ಎಂದ, ದೊಡ್ಡವರನ್ನು ಕರೆಯುವ ಹಾಗೆ ಮರ್ಯಾದೆ ಹಚ್ಚಿ. "ಆ ಹೆಂಗಸಿನ ಕೆಲಸ ಸುಡುತ್ತಂತೆ. ಊರೆಲ್ಲ ಹೇಳ್ತಿದಾರೆ."

ಆಗ ನಾನು ಅವಳ ಮುಖ ನೋಡಿದೆ. ಖುಷಿ ಇತ್ತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಇತ್ತು. ಆಗ ನನಗೆ ಹತ್ತಿಯ ವಿಷಯ ಗೊತ್ತಿರಲಿಲ್ಲ. ಗಿರಾಕಿ ಹಿಂದಿರುಗಿದ ಸಂತೋಷ ಅಂದುಕೊಂಡೆ.

ಅವತ್ತೇ ಮಧ್ಯಾಹ್ನ ನಾವಿಬ್ಬರೂ ಬ್ರೆಡ್ ತರಲು ಹೋಗುವಾಗ ಗೂಡಂಗಡಿಯ ಪಕ್ಕ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಉರಿಯುವ ಸಿಗರೇಟು. ನಮ್ಮನ್ನು ಕಂಡು ಮಕ್ಕಳ ಹಾಗೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

ಪೊಲಿಕ್ಸೆನಿ ನಿಂತಲ್ಲೇ ನಿಂತಳು. "ಎಷ್ಟಾಯ್ತು?"

"ಇದು ಎರಡನೇ ಪ್ಯಾಕು" ಎಂದರು ಮೇಷ್ಟ್ರು. "ಮೂರು ವರ್ಷ ನಾಲ್ಕು ತಿಂಗಳು ಮುಟ್ಟಿರ್ಲಿಲ್ಲ. ಪೆಟ್ಟಿಗೆ ಕೈಕೊಡ್ತು. ಸ್ತಮಾತಿಯಾ ಊರಲ್ಲಿಲ್ಲ. ಎರಡು ದಿನ ಹೇಗೋ ತಡೆದೆ."

"ನನ್ನ ಹತ್ರ ಬರ್ಬೇಕಿತ್ತು."

"ಯಾವ ಮುಖ ಇಟ್ಕೊಂಡು ಬರ್ಲಿ? ಅವತ್ತು ಮೇಜಿನ ಹತ್ರ ನೀನು ನನ್ನ ನೋಡಿದ ನೋಟ ನನಗೆ ಗೊತ್ತು." ಅವರು ಕೆಮ್ಮಿದರು. ಕೆಮ್ಮು ಹಳೆಯ ಕಾಲದ ಕೆಮ್ಮಾಗಿತ್ತು. "ಅವಳ ಕೆಲಸ ನಿನ್ನ ಹಾಗಿಲ್ಲ ಬಿಡು. ನಿನ್ನದು ಒಂದು ದಿನವೂ ಹೀಗೆ ಸುಟ್ಟಿರ್ಲಿಲ್ಲ."

ಅವಳು ಒಂದು ತಿಂಗಳಿಂದ ಕೇಳಲು ಕಾಯುತ್ತಿದ್ದ ಮಾತು ಅದು. ಕೈಚಾಚಿ, "ಪೆಟ್ಟಿಗೆ ಕೊಡಿ ಇಲ್ಲಿ" ಎಂದಷ್ಟೇ ಹೇಳಿದಳು. ಬ್ರೆಡ್ ಮರೆತು ಹಿಂತಿರುಗಿದೆವು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ತಮಾತಿಯಾ ಪೊಲಿಕ್ಸೆನಿಯ ಅಂಗಡಿಗೆ ಬಂದಳು. ಮೊದಲ ಸಲ. ಅವಳ ದನಿ ಕೇಳಿ ನಾನು ಹೊಲಿಗೆ ಯಂತ್ರ ನಿಲ್ಲಿಸಿದೆ. ಈ ಸಲ ಆ ಕಡೆಯಿಂದ ಯಾರೂ ಸೂಜಿ ಮುರಿಯಿತೇ ಎಂದು ಕೇಳಲಿಲ್ಲ.

"ಕಿರಾ ಪೊಲಿಕ್ಸೆನಿ, ಮೇಷ್ಟ್ರ ಪೆಟ್ಟಿಗೆ ನಿಮ್ಮ ಹತ್ರ ಇದೆಯಂತೆ. ನಾನು ಎಲ್ಲಿ ತಪ್ಪು ಮಾಡಿದೀನಿ ಅಂತ ನೋಡ್ಬೇಕಿತ್ತು. ನಿಮಗೆ ತೊಂದ್ರೆ ಇಲ್ಲ ಅಂದ್ರೆ."

"ಅಲ್ಲೇ ಇದೆ. ನೋಡು."

ತಿರುಪಿನ ಸದ್ದು. ಆಮೇಲೆ ಟ್ಯಾಂಕ್ ತೆಗೆದಿಟ್ಟ ಸದ್ದು. ನಾನು ಗೋಡೆಗೆ ಕಿವಿ ಇಟ್ಟೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

"ಈ ಹತ್ತಿ ನಾನು ಕತ್ತರಿಸಿದ್ದಲ್ಲ" ಎಂದಳು ಸ್ತಮಾತಿಯಾ ಕೊನೆಗೆ. "ನಾನು ಬ್ಲೇಡಲ್ಲಿ ಕುಯ್ಯೋದು. ಅಂಚು ನೇರ ಬರುತ್ತೆ. ಇದು ಬಿಲ್ಲಿನ ಹಾಗಿದೆ. ಬಾಗಿದ ಕತ್ತರಿ." ಮೇಜಿನ ಮೇಲೆ ಏನೋ ಇಟ್ಟ ಸದ್ದಾಯಿತು. "ಅಂಥ ಕತ್ತರಿ ನನ್ನ ಹತ್ರ ಇಲ್ಲ."

"ಇಲ್ಲ. ನನ್ನ ಹತ್ರ ಇದೆ" ಎಂದಳು ಪೊಲಿಕ್ಸೆನಿ.

"ಯಾಕೆ?"

"ನೀನು ಅವರಿಗೆ ಸುಟ್ಟ ಗುರುತು ತೋರಿಸಿದ್ಯಲ್ಲ. ಪರದೆ ಮೇಲೆ. ಅದಕ್ಕೆ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಗೊತ್ತಾಗಲ್ವಾ?"

"ನಾನು ತೋರಿಸ್ಲಿಲ್ಲ. ಅವತ್ತು ಪರದೆ ಆರಿಸಿಬಿಟ್ಟೆ. ದೀಪ ಕೈಕೊಟ್ಟಿದೆ ಅಂತ ಸುಳ್ಳು ಹೇಳ್ದೆ. ಮರ ಹಳೇದು, ಸ್ವಲ್ಪ ಹೆರೆದು ಕೊಡ್ತೀನಿ ಅಂದೆ." ಸ್ತಮಾತಿಯಾಳ ದನಿ ಏರಿತು. "ಆಗ ನಾನು ಬಂದು ಒಂದು ತಿಂಗಳೂ ಆಗಿರ್ಲಿಲ್ಲ. ನಾಲ್ಕು ಅಂಗಡಿ ಆಚೆ ಇರೋಳ ಹೆಸರು ಕೆಡಿಸಿ ಈ ಬೀದಿಯಲ್ಲಿ ನಾನು ಬದುಕ್ತೀನಾ? ನಿಮ್ಮ ಹತ್ರಾನೇ ಬಂದು ಹೇಳೋಣ ಅಂತಿದ್ದೆ. ನೀವು ನನ್ನ ನೋಡಿದ್ರೆ ಶಟರ್ ಎಳೆಯೋರ ಹಾಗೆ ಮುಖ ಮಾಡ್ತಿದ್ರಿ."

ಪೊಲಿಕ್ಸೆನಿ ಇಕ್ಕಳವನ್ನು ಮೇಜಿನ ಮೇಲೆ ಹಾಕಿದ ಸದ್ದಾಯಿತು.

"ಅವರು ಸಿಗರೇಟು ಹಚ್ಚಿದಾರೆ ಗೊತ್ತಾ ನಿಮಗೆ?"

"ಗೊತ್ತು."

"ಹೇಳ್ತೀರಾ, ನಾನು ಹೇಳ್ಲಾ?"

"ನಾನು ಹೇಳ್ತೀನಿ. ನೀನು ಹೋಗು."

ಅವಳು ಹೋದ ಮೇಲೆ ಪೊಲಿಕ್ಸೆನಿ ನನ್ನ ಅಂಗಡಿಗೆ ಬಂದು, ಕತ್ತರಿ ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ನಾನು ಬೈಯಬೇಕೆಂದು ಕಾದಳು ಅನ್ನಿಸುತ್ತದೆ. ನಾನು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಅವಳು ತೋರಿಸಿದ್ರೆ ಚೆನ್ನಾಗಿತ್ತು. ಆಗ ನಾನು ಮಾಡಿದ್ದಕ್ಕೂ ಒಂದು ಲೆಕ್ಕ ಇರ್ತಿತ್ತು. ಈಗ ಕೆಲಸದಲ್ಲೂ ಅವಳೇ ಮೇಲು, ಗುಣದಲ್ಲೂ ಅವಳೇ ಮೇಲು. ನನಗೇನು ಬಿಟ್ಲು?" ಎಂದಳು.

ಮೇಷ್ಟ್ರ ಮನೆಗೆ ಅವಳು ಒಬ್ಬಳೇ ಹೋದಳು. ಹೋಗುವ ಮೊದಲು ಹತ್ತಿ ಬದಲಿಸಿ, ಸುರುಳಿ ಹೊಸದು ಸುತ್ತಿ, ನೀಲಿ ತುದಿಯನ್ನು ಒರೆಸಿ ಇಟ್ಟಿದ್ದಳು. ಬಾಗಿಲಲ್ಲೇ ನಿಂತು ಎರಡೂ ಹೇಳಿದಳು: ತಂತಿ ಹರಿದು ಮರ ಸುಟ್ಟದ್ದು, ಹತ್ತಿ ಕತ್ತರಿಸಿದ್ದು. ಮೇಷ್ಟ್ರು ಪೂರ್ತಿ ಕೇಳಿದರು.

"ತಂತಿ ಆಗುತ್ತೆ" ಎಂದರಂತೆ. "ವಸ್ತು ಅಂದ ಮೇಲೆ ಸವೆಯುತ್ತೆ. ಹತ್ತಿ ಯಾಕೆ ಪೊಲಿಕ್ಸೆನಿ?"

ಅವಳು ಆಗಲಾದರೂ ಹೇಳಬಹುದಿತ್ತು. ಮಂಗಳವಾರ, ಕಾಫಿ, ಕಾಲರ್. "ಹೊಟ್ಟೆಕಿಚ್ಚು" ಎಂದಷ್ಟೇ ಹೇಳಿದಳು.

"ಕೆಲಸದ ಮೇಲಾ?"

"ಕೆಲಸದ ಮೇಲೆ" ಎಂದು ಸುಳ್ಳು ಹೇಳಿದಳು.

ಅವರು ಪೆಟ್ಟಿಗೆ ತೆಗೆದುಕೊಂಡು ಬಾಗಿಲು ಮುಚ್ಚಿದರು. ಜೋರಾಗಿ ಏನಲ್ಲ.

ಟ್ಯಾಕ್ಸಿಯವನಿಗೆ ಮತ್ತು ಅವನಂಥ ನಾಲ್ಕೈದು ಜನಕ್ಕೆ ಪೊಲಿಕ್ಸೆನಿ ತಾನೇ ಹೇಳಿದಳು, "ಆ ಪೆಟ್ಟಿಗೆ ಕೆಟ್ಟಿದ್ದು ನನ್ನ ಕೈಯಿಂದ, ಅವಳದರಿಂದ ಅಲ್ಲ" ಎಂದು. ಯಾಕೆ ಹೇಗೆ ಎಂದು ಕೇಳಿದವರಿಗೆ, "ನಿನ್ನ ಕೆಲಸ ನೋಡು" ಎಂದಳು. ಊರು ಎರಡು ವಾರ ಅದನ್ನೇ ಮಾತಾಡಿ, ಆಮೇಲೆ ಬೇರೆ ಸುದ್ದಿ ಹಿಡಿಯಿತು. ಮೇಷ್ಟ್ರು ಮೇ ತಿಂಗಳ ಹೊತ್ತಿಗೆ ಸಿಗರೇಟು ಮತ್ತೆ ಬಿಟ್ಟರು. ಸ್ತಮಾತಿಯಾ ದಿನಾ ಅವರ ಮನೆಗೆ ಹೋಗಿ ಉಳಿದ ಪ್ಯಾಕ್ ಎಣಿಸುತ್ತಿದ್ದಳಂತೆ. ಹೀಗೆ ಪೊಲಿಕ್ಸೆನಿಯ ಕತ್ತರಿ ಅವರಿಬ್ಬರಿಗೂ ಒಳ್ಳೆಯ ನೆಪವಾಯಿತು. ಇದು ನನ್ನ ಮಾತಲ್ಲ, ಅವಳದೇ.

ಈಗ ಎರಡು ಅಂಗಡಿಗಳ ನಡುವೆ ಒಂದು ವ್ಯವಸ್ಥೆ ಇದೆ. ಬೋರ್ಡು ಹೋದ ಪೆಟ್ಟಿಗೆಗಳನ್ನು ಪೊಲಿಕ್ಸೆನಿ ಮೂಲೆಗೆ ಕಳಿಸುತ್ತಾಳೆ. ಹೆಣೆದ ಸುರುಳಿ ಬೇಕೆನ್ನುವವರನ್ನು ಸ್ತಮಾತಿಯಾ ಇತ್ತ ಕಳಿಸುತ್ತಾಳೆ. ಮರದ ಮೈ ಕೊರೆಯುವುದು ಇವಳೇ, ಒಳಗೆ ತಂತಿ ಹಾಯಿಸುವುದು ಅವಳೇ. ಕಳಿಸುವಾಗ ಚೀಟಿ ಬರೆಯುತ್ತಾರೆ, ಎರಡೆರಡು ಸಾಲು. ಎದುರೆದುರು ಸಿಕ್ಕರೆ ಹವಾಮಾನ ಮಾತಾಡುತ್ತಾರೆ. ಸ್ನೇಹ ಅನ್ನುವುದಕ್ಕಾಗುವುದಿಲ್ಲ. ಮೂಲೆಯ ನಗು ಕೇಳಿದಾಗ ಈ ಕಡೆ ಇಕ್ಕಳ ಮೇಜಿನ ಮೇಲೆ ಬೀಳುವ ಸದ್ದು ಇನ್ನೂ ನನಗೆ ಕೇಳುತ್ತದೆ.

ಮೇಷ್ಟ್ರು ವರ್ಷದವರೆಗೆ ಇವಳ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಒಂದು ದಿನ ಬಂದರು. ಮಂಗಳವಾರವಲ್ಲ, ಗುರುವಾರ. ಸುರುಳಿಗಾಗಿ ಬಂದದ್ದೂ ಅಲ್ಲ. ಸೆಪ್ಟೆಂಬರಿನಲ್ಲಿ ತಾವೂ ಸ್ತಮಾತಿಯಾಳೂ ಪುರಸಭೆಯಲ್ಲಿ ಮದುವೆಯ ಸಹಿ ಹಾಕುತ್ತೇವೆ, ಆಮೇಲೆ ಸಣ್ಣ ಊಟ, ಬರಬೇಕು ಎಂದರು. ಅವಳು ಕಾಫಿ ಮಾಡಿಕೊಟ್ಟಳು. ಸಿಹಿ ಎಷ್ಟು ಎಂದು ಕೇಳಿದಳು, ಗೊತ್ತಿದ್ದೂ.

ನಿನ್ನೆ ಅವಳು ಆ ಊಟಕ್ಕೆ ಹಾಕಲೆಂದು ತನ್ನ ಹಸಿರು ಉಡುಪು ತಂದು ನನ್ನ ಮೇಜಿನ ಮೇಲೆ ಹಾಕಿದಳು. ಹಾಕಿಸಿ, ನಿಲ್ಲಿಸಿ, ಬದಿಗಳಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ.

"ಅವಳು ತನ್ನದನ್ನ ನಿನ್ನ ಹತ್ರಾನೇ ಕೊಟ್ಟಿದಾಳಾ?"

"ಕೊಟ್ಟಿದಾಳೆ."

"ಯಾವ ಬಣ್ಣ?"

"ತಿಳಿ ಬೂದಿ. ತೋಳಿಗೆ ಸ್ವಲ್ಪ ಲೇಸು."

ಪೊಲಿಕ್ಸೆನಿ ಕನ್ನಡಿ ನೋಡುತ್ತ ನಿಂತಿದ್ದಳು. "ಅವಳ ಬಣ್ಣಕ್ಕೆ ಬೂದಿ ಒಪ್ಪುತ್ತೆ" ಎಂದಳು. ಹೇಳಲು ಅವಳಿಗೆ ಸಾಕಷ್ಟು ಕಷ್ಟವಾಯಿತು. ಆಮೇಲೆ ಹೊಟ್ಟೆ ಒಳಗೆಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ತೋರಿಸಿದಳು. "ನನ್ನದನ್ನ ಇಲ್ಲಿ ಇನ್ನೊಂದು ಬೆರಳು ಒಳಗೆ ಹಿಡಿ."